ಕನ್ನಡ ಐತಿಹಾಸಿಕ ಚಲನಚಿತ್ರಗಳಲ್ಲಿ ಮಧ್ಯಕಾಲೀನ ಅರಸರು

ಶಾಸನ, ನಾಣ್ಯ, ಕಾವ್ಯ, ಕೈಫಿಯತ್ತು ಮೊದಲಾದ ಆಧಾರಗಳಿಂದ ಬದುಕಿದ್ದರೆಂದು ತಿಳಿದುಬರುವ ವ್ಯಕ್ತಿಗಳ ಜೀವನವನ್ನು ಅವರ ಕಾಲದ ಆವರಣದಲ್ಲಿ ಕಥೆಯಾಗಿ ನಿರೂಪಿಸುವ ಚಿತ್ರಪ್ರಕಾರವೇ ಐತಿಹಾಸಿಕ ಚಲನಚಿತ್ರ. ಕನ್ನಡದಲ್ಲಿ ಈ ಪ್ರಕಾರದ ಮುಖ್ಯ ಕೃತಿಗಳು ಕದಂಬ, ಬಾದಾಮಿ ಚಾಲುಕ್ಯ, ಹೊಯ್ಸಳ, ಕಂಪಿಲಿ, ವಿಜಯನಗರ ಮತ್ತು ಮೈಸೂರು ಒಡೆಯರ ಮನೆತನಗಳ ಸುತ್ತ ಹುಟ್ಟಿವೆ. ‘ರಣಧೀರ ಕಂಠೀರವ’ (1960), ‘ಇಮ್ಮಡಿ ಪುಲಿಕೇಶಿ’ (1967), ‘ಶ್ರೀಕೃಷ್ಣದೇವರಾಯ’ (1970), ‘ಮಯೂರ’ (1975) ಇವುಗಳಲ್ಲಿ ಹೆಚ್ಚು ಹೆಸರಾದವು. ನಾಲ್ಕರಲ್ಲೂ ಅರಸನ ಪಾತ್ರ ರಾಜಕುಮಾರ್ ಅವರದು. ಈ ಚಿತ್ರಗಳನ್ನು ಅವುಗಳ ಆಧಾರಗಳೊಡನೆ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಆಳ್ವಿಕೆಯ ಮಹತ್ತ್ವವಾಗಲಿ ದಾಖಲೆಗಳ ಸಮೃದ್ಧಿಯಾಗಲಿ ಒಬ್ಬ ಅರಸನನ್ನು ತೆರೆಗೆ ತರುವುದಿಲ್ಲ. ಶಾಸನಕ್ಕೂ ಚಿತ್ರಕ್ಕೂ ನಡುವೆ ನಿಂತು ಅವನ ಕಥೆಯನ್ನು ಮೊದಲೇ ಕಟ್ಟಿಕೊಟ್ಟ ನಾಟಕ, ಕಾದಂಬರಿ, ಕಾವ್ಯ ಅಥವಾ ಜನಪ್ರಿಯ ಚರಿತ್ರೆ ತರುತ್ತದೆ. ಈ ಲೇಖನದಲ್ಲಿ ಅಂಥ ಬರಹವನ್ನು ‘ನಡುವಣ ಕೃತಿ’ ಎಂದು ಕರೆಯಲಾಗಿದೆ. ಅದು ಇರುವಲ್ಲಿ ಏನಾಗುತ್ತದೆಂಬುದಕ್ಕೆ ಮೇಲಿನ ಚಿತ್ರಗಳು ಸಾಕ್ಷಿ. ಇಲ್ಲದಲ್ಲಿ ಏನಾಗುತ್ತದೆಂಬುದಕ್ಕೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ತಾಲ್ಲೂಕುಗಳೇ ಸಾಕ್ಷಿ.

ವ್ಯಾಪ್ತಿ ಮತ್ತು ಪರಿಭಾಷೆ

ಅರಮನೆ, ಕಿರೀಟ, ಕತ್ತಿವರಸೆ ಇದ್ದಮಾತ್ರಕ್ಕೆ ಚಿತ್ರ ಐತಿಹಾಸಿಕವಾಗುವುದಿಲ್ಲ. ‘ವೀರಕೇಸರಿ’ (1963) ಕಲ್ಪಿತ ರಾಜ್ಯದ ಕಥೆ. ಅದು ಜನಪದ ಮಾದರಿಯ ರಾಜರಾಣಿ ಚಿತ್ರಗಳ ಗುಂಪಿಗೆ ಸೇರುತ್ತದೆ. ರಾಮಾಯಣ, ಮಹಾಭಾರತ, ಪುರಾಣಗಳ ವಸ್ತುವಿರುವುದು ಪೌರಾಣಿಕ ಚಿತ್ರ. ಶರಣರು, ದಾಸರು, ಸಂತರ ಚರಿತ್ರೆ ಹೇಳುವ ಭಕ್ತಿಚಿತ್ರದಲ್ಲಿ ಅರಸ ಬರುತ್ತಾನೆ, ಆದರೆ ಕೇಂದ್ರದಲ್ಲಿರುವುದಿಲ್ಲ. ‘ಜಗಜ್ಯೋತಿ ಬಸವೇಶ್ವರ’ದಲ್ಲಿ (1959) ಬಸವಣ್ಣನವರಾಗಿ ಹೊನ್ನಪ್ಪ ಭಾಗವತರ್, ಬಿಜ್ಜಳನಾಗಿ ರಾಜಕುಮಾರ್ ಅಭಿನಯಿಸಿದ್ದರು, ಅಲ್ಲಿ ಬಿಜ್ಜಳನ ಅರಸೊತ್ತಿಗೆ ಬಸವಣ್ಣನವರ ಕಥೆಗೆ ಎದುರಾಗಿ ನಿಲ್ಲುವ ಶಕ್ತಿ ಮಾತ್ರ. ಮಧ್ಯಕಾಲವೆಂದರೆ ಇಲ್ಲಿ ಸುಮಾರು 6ನೆಯ ಶತಮಾನದಿಂದ 18ನೆಯ ಶತಮಾನದ ಆರಂಭದವರೆಗಿನ ಅವಧಿ. ಮಯೂರಶರ್ಮ 4ನೆಯ ಶತಮಾನದವನಾದರೂ ಅವನ ಕುರಿತ ಚಿತ್ರ ಇದೇ ಸಂಪ್ರದಾಯದಲ್ಲಿ ರೂಪುಗೊಂಡದ್ದರಿಂದ ಅದನ್ನು ಬಿಡಲಾಗದು.

ಮೂಲ

ಕನ್ನಡದ ಮೊದಲ ವಾಕ್ಚಿತ್ರಗಳು 1934ರಲ್ಲಿ ಬಂದಾಗ ಅವುಗಳ ವಸ್ತು, ನಟರು, ಮಾತಿನ ಧಾಟಿ ಎಲ್ಲವೂ ವೃತ್ತಿರಂಗಭೂಮಿಯಿಂದ ಬಂದವು. ಕಂಪನಿ ನಾಟಕಗಳಲ್ಲಿ ಪೌರಾಣಿಕ ಪ್ರಸಂಗಗಳದೇ ಮೇಲುಗೈ ಆಗಿದ್ದರಿಂದ ಸಿನಿಮಾದ ಮೊದಲ ಎರಡು ದಶಕಗಳೂ ಹೆಚ್ಚಾಗಿ ಪೌರಾಣಿಕವಾದವು. ಆದರೆ ಇತಿಹಾಸದ ಅರಸರನ್ನು ಕಥಾನಾಯಕರನ್ನಾಗಿಸುವ ಕೆಲಸ ಅಷ್ಟರಲ್ಲಾಗಲೇ ಬೇರೆ ಕಡೆ ನಡೆದಿತ್ತು. ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ (1917) ಪುಲಿಕೇಶಿಯನ್ನೂ ವಿಜಯನಗರದ ರಾಯರನ್ನೂ ಏಕೀಕರಣದ ಕನಸಿಗೆ ಜೋಡಿಸಿತು. ಗಳಗನಾಥರು ಐತಿಹಾಸಿಕ ಕಾದಂಬರಿಯನ್ನು ಉತ್ತರ ಕರ್ನಾಟಕದ ಮನೆಮನೆಗೆ ಮುಟ್ಟಿಸಿದರು. ದೇವುಡು ನರಸಿಂಹಶಾಸ್ತ್ರಿಗಳು ‘ಮಯೂರ’ ಬರೆದರು. ಸಂಸರು ಮೈಸೂರು ಒಡೆಯರ ವಂಶವನ್ನೇ ವಸ್ತುವಾಗಿಸಿ ‘ವಿಗಡ ವಿಕ್ರಮರಾಯ’, ‘ಸುಗುಣ ಗಂಭೀರ’, ‘ಬೆಟ್ಟದ ಅರಸು’ ಮೊದಲಾದ ನಾಟಕಗಳನ್ನು ರಚಿಸಿದರು. 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾದಾಗ, ಒಂದೇ ನಾಡಿನವರೆಂದು ಹೊಸದಾಗಿ ಪರಿಚಯವಾಗುತ್ತಿದ್ದ ಜನಕ್ಕೆ ಸಮಾನವಾದ ಪೂರ್ವಿಕರು ಬೇಕಾಗಿದ್ದರು. ಆ ಪೂರ್ವಿಕರ ಕಥೆಗಳು ಪುಸ್ತಕಗಳಲ್ಲಿ ಸಿದ್ಧವಾಗಿದ್ದವು. ‘ರಣಧೀರ ಕಂಠೀರವ’ವನ್ನು ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಮುಂತಾದ ಕಲಾವಿದರೇ ಸಂಘ ಕಟ್ಟಿಕೊಂಡು ನಿರ್ಮಿಸಿದರು, ನಿರ್ದೇಶನ ಎನ್.ಸಿ. ರಾಜನ್ ಅವರದು. 

ಕಥನದ ರಚನೆ

ಶಾಸನ ಅರಸನ ವಂಶ, ಬಿರುದು, ಗೆಲುವು, ದಾನಗಳನ್ನು ಹೇಳುತ್ತದೆ. ಅವನು ಏನನ್ನು ಬಯಸಿದ, ಯಾರಿಗೆ ಹೆದರಿದ, ಯಾವ ಮಾತಿಗೆ ನೊಂದ ಎಂಬುದನ್ನು ಹೇಳುವುದು ಅಪರೂಪ. ಚಿತ್ರಕ್ಕೆ ಬೇಕಾಗುವುದು ಎರಡನೆಯದು. ಹೀಗಾಗಿ ಚಿತ್ರಕಥೆ ದೀರ್ಘ ಆಳ್ವಿಕೆಯನ್ನು ಬಿಟ್ಟು ಒಂದೇ ಬಿಕ್ಕಟ್ಟನ್ನು ಹಿಡಿಯುತ್ತದೆ. ಬಹುತೇಕ ಸಂದರ್ಭಗಳಲ್ಲಿ ಅದು ಸಿಂಹಾಸನದ ಹಕ್ಕಿನ ಬಿಕ್ಕಟ್ಟು: ಹಕ್ಕು ಕಳೆದುಕೊಂಡವನು, ಅಜ್ಞಾತವಾಗಿರುವವನು, ಒಳಗಿನ ದ್ರೋಹಿ, ಮರಳಿ ಪಡೆದ ಪಟ್ಟ. ಇದಕ್ಕೆ ಮಾರುವೇಷ, ಮಲ್ಲಯುದ್ಧ, ಆಸ್ಥಾನ ನೃತ್ಯ, ಹಾಸ್ಯದ ಉಪಕಥೆ, ರಂಗಭೂಮಿಯಿಂದ ಬಂದ ಗ್ರಾಂಥಿಕ ಸಂಭಾಷಣೆ ಸೇರುತ್ತವೆ. ಆಡಳಿತ, ಕಂದಾಯ, ಕೆರೆ, ಸಂತೆ ಇವುಗಳಿಗೆ ಜಾಗ ಉಳಿಯುವುದಿಲ್ಲ.

‘ಮಯೂರ’ ಇದಕ್ಕೆ ಅತ್ಯುತ್ತಮ ಉದಾಹರಣೆ, ಏಕೆಂದರೆ ಇಲ್ಲಿ ಮೂಲದ ಶಾಸನವೇ ನಾಟಕೀಯವಾಗಿದೆ. ಶಿವಮೊಗ್ಗ ಜಿಲ್ಲೆಯ ತಾಳಗುಂದದ ಸ್ತಂಭಶಾಸನವನ್ನು 5ನೆಯ ಶತಮಾನದಲ್ಲಿ ಕವಿ ಕುಬ್ಜ ರಚಿಸಿದ. ಅದರ ಪ್ರಕಾರ ಮಯೂರಶರ್ಮ ಮಾನವ್ಯ ಗೋತ್ರದ ಬ್ರಾಹ್ಮಣ. ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಓದಲು ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಕಲಹವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ. ಕೊನೆಗೆ ಪಲ್ಲವರೇ ಅವನಿಗೆ ಪಟ್ಟ ಕಟ್ಟಿದರು. ವಿಜಯ್ ನಿರ್ದೇಶನದ ಚಿತ್ರ ಕಂಚಿಯನ್ನೂ ಅವಮಾನವನ್ನೂ ಉಳಿಸಿಕೊಂಡಿತು, ಆದರೆ ನಾಯಕ ತಾನು ಪಲ್ಲವರಿಂದ ರಾಜ್ಯ ಕಳೆದುಕೊಂಡ ಕದಂಬ ಅರಸನ ಮಗನೆಂದು ತಿಳಿಯುವಂತೆ ಮಾಡಿತು. ಶಾಸನದ ಮಯೂರಶರ್ಮ ರಾಜ್ಯವನ್ನು ಹುಟ್ಟಿಸಿದವನು. ಚಿತ್ರದ ಮಯೂರ ತನ್ನದಾಗಿದ್ದುದನ್ನು ಮರಳಿ ಪಡೆದವನು. ಓದುವ ಹುಡುಗನೊಬ್ಬ ಅರಸನಾದನೆಂಬ ಅಸಾಧಾರಣ ದಾಖಲೆಯನ್ನು ಕೈಬಿಟ್ಟು, ಪ್ರೇಕ್ಷಕರಿಗೆ ಹಿಂದಿನ ಚಿತ್ರಗಳಿಂದ ಪರಿಚಿತವಾಗಿದ್ದ ಹಕ್ಕಿನ ಕಥೆಯನ್ನು ಚಿತ್ರ ಆರಿಸಿಕೊಂಡಿತು. ಚಿತ್ರದ ಜನಪ್ರಿಯತೆ ಎಷ್ಟೇ ಇರಲಿ, ಇದು ನಷ್ಟವೇ.

‘ರಣಧೀರ ಕಂಠೀರವ’ದ ವಸ್ತುವಿಗೆ ಹಿನ್ನೆಲೆಯಾಗಿ ಗೋವಿಂದ ವೈದ್ಯನ ‘ಕಂಠೀರವ ನರಸರಾಜ ವಿಜಯ’ (1648) ಎಂಬ ಸಾಂಗತ್ಯ ಕಾವ್ಯವಿದೆ. ದಳವಾಯಿ ವಿಕ್ರಮರಾಯನ ಕುತಂತ್ರ, ಇಮ್ಮಡಿ ರಾಜ ಒಡೆಯರ ಸಾವು, 1638ರಲ್ಲಿ ಕಂಠೀರವ ನರಸರಾಜರ ಪಟ್ಟಾಭಿಷೇಕ, ಅವರು ವೇಷ ಮರೆಸಿಕೊಂಡು ತಿರುಚಿರಾಪಳ್ಳಿಗೆ ಹೋಗಿ ಅಲ್ಲಿನ ಮಲ್ಲನನ್ನು ಸೋಲಿಸಿದರೆಂಬ ಐತಿಹ್ಯ: ಇವು ಪರಂಪರೆಯಲ್ಲಿ ನೆಲೆಗೊಂಡ ಘಟನೆಗಳು. ದಳವಾಯಿಯ ಭಾಗವನ್ನು ಸಂಸರು ರಂಗಕ್ಕೆ ತಂದಾಗಿತ್ತು. ಚಿತ್ರಕ್ಕೆ ಖಳನಾಯಕ, ಸೇಡು, ಮಾರುವೇಷ ಎಲ್ಲವೂ ತಯಾರಾಗಿ ಸಿಕ್ಕವು. ಅದೇ 1638ರಲ್ಲಿ ಬಿಜಾಪುರದ ರಣದುಲ್ಲಾಖಾನ್ ಮತ್ತು ಷಹಾಜಿಯ ಸೈನ್ಯ ಬೆಂಗಳೂರನ್ನು ಹಿಡಿಯಿತು; ಕೆಂಪೇಗೌಡರ ವಂಶಸ್ಥರು ಮಾಗಡಿಗೆ ಸರಿದರು; ಮುಂದೆ ಹೊಸಕೋಟೆ, ದೊಡ್ಡಬಳ್ಳಾಪುರಗಳು ಷಹಾಜಿಯ ಜಹಗೀರಿಗೆ ಸೇರಿದವು. ಹಳೆಯ ಮೈಸೂರಿನ ರಾಜಕೀಯ ಭೂಪಟವನ್ನೇ ಬದಲಿಸಿದ ಈ ಘಟನೆಗೆ ಅಂಥ ಕಾವ್ಯವೂ ಸಿಗಲಿಲ್ಲ, ಸಂಸರಂಥ ನಾಟಕಕಾರರೂ ಸಿಗಲಿಲ್ಲ. ಒಂದೇ ವರ್ಷದ ಎರಡು ಘಟನೆಗಳಲ್ಲಿ ಒಂದು ನಾಡಿನ ನೆನಪಾಯಿತು, ಇನ್ನೊಂದು ಗೆಜೆಟಿಯರಿನಲ್ಲಿ ಉಳಿಯಿತು.

ಬಗೆಗಳು

ನೇರವಾಗಿ ಅರಸನ ಚರಿತ್ರೆಯನ್ನೇ ಹೇಳುವ ಚಿತ್ರಗಳ ಜೊತೆಗೆ ಬೇರೆ ಮಾದರಿಗಳೂ ಇವೆ. ಬಿ.ಆರ್. ಪಂತುಲು ನಿರ್ದೇಶಿಸಿ ತಾವೇ ತಿಮ್ಮರಸನಾಗಿ ಅಭಿನಯಿಸಿದ ‘ಶ್ರೀಕೃಷ್ಣದೇವರಾಯ’ ಅರಸ ಮತ್ತು ಮಂತ್ರಿಯ ಸಂಬಂಧದ ಚಿತ್ರ. ಇಲ್ಲಿ ದೇಶೀ ಐತಿಹ್ಯಗಳೊಡನೆ ಪೋರ್ಚುಗೀಸರಾದ ಪಾಯಸ್ ಮತ್ತು ನೂನಿಜ್ ಬರೆದಿಟ್ಟ ವಿವರಗಳ ಪರಂಪರೆಯೂ ಇದೆ. ‘ಅಮರಶಿಲ್ಪಿ ಜಕಣಾಚಾರಿ’ (1964) ಹೊಯ್ಸಳ ಕಾಲವನ್ನು ಶಿಲ್ಪಿಯ ಕಣ್ಣಿನಿಂದ ತೋರಿಸಿತು. ಕನ್ನಡದ ಮೊದಲ ಪೂರ್ಣ ವರ್ಣಚಿತ್ರವೂ ಅದೇ. ಭಾರತೀಸುತರ ಕಾದಂಬರಿ ಆಧರಿಸಿದ ‘ಹುಲಿಯ ಹಾಲಿನ ಮೇವು’ (1979) ಕೊಡಗಿನ ಅರಸೊತ್ತಿಗೆಯ ಕಾಲವನ್ನು ಪ್ರಜೆಯೊಬ್ಬನ ಮೂಲಕ ಕಾಣಿಸಿತು. ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ಸಾಮಾಜಿಕ ಚಿತ್ರವಾದರೂ ಜಯಂತಿ ಅಭಿನಯಿಸಿದ ಓಬವ್ವನ ಪ್ರಸಂಗವನ್ನು ಒಂದೇ ಹಾಡಿನಲ್ಲಿ ಅಳವಡಿಸಿತು. ಚಿತ್ರದುರ್ಗದ ಈ ಕಥೆ ಇಂದು ರಾಜ್ಯದ ಎಲ್ಲ ಮಕ್ಕಳಿಗೂ ಗೊತ್ತಿರುವುದರಲ್ಲಿ ಆ ಹಾಡಿನ ಪಾಲು ದೊಡ್ಡದು.

ಬೆಂಗಳೂರು ಗ್ರಾಮಾಂತರದ ಅರಸರು

ನೆಲಮಂಗಲ ತಾಲ್ಲೂಕಿನ ಮಣ್ಣೆಯೇ ತಲಕಾಡು ಗಂಗರ ಮಾನ್ಯಪುರ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆಳಿದ ಶ್ರೀಪುರುಷ 8ನೆಯ ಶತಮಾನದಲ್ಲಿ ಇಲ್ಲಿ ರಾಜನಿವಾಸ ಮಾಡಿಕೊಂಡಿದ್ದ. 768ರಲ್ಲಿ ರಾಷ್ಟ್ರಕೂಟ ಒಂದನೆಯ ಕೃಷ್ಣ ಗಂಗವಾಡಿಯ ಮೇಲೆ ದಂಡೆತ್ತಿ ಬಂದು ಇಲ್ಲೇ ಬೀಡುಬಿಟ್ಟಿದ್ದನೆಂದು ತಳೇಗಾಂವ್ ತಾಮ್ರಶಾಸನದಿಂದ ತಿಳಿಯುತ್ತದೆ. ಶ್ರೀಪುರುಷನ ಮಗ ಇಮ್ಮಡಿ ಶಿವಮಾರ ಕವಿ. ‘ಗಜಾಷ್ಟಕ’ ಅವನದೆಂದು ಹೇಳುತ್ತಾರೆ. ಅವನನ್ನು ರಾಷ್ಟ್ರಕೂಟ ಧ್ರುವ ಸೆರೆಹಿಡಿದ. ಅವನ ರಾಜ್ಯವನ್ನು ಧ್ರುವನ ಮಗ ಕಂಬ ಆಳಿದ. ಧ್ರುವನ ನಂತರ ಪಟ್ಟಕ್ಕೆ ಬಂದ ಮುಮ್ಮಡಿ ಗೋವಿಂದ ಶಿವಮಾರನನ್ನು ಬಿಡುಗಡೆ ಮಾಡಿದ. ಶಿವಮಾರ ತಿರುಗಿಬಿದ್ದು ಮತ್ತೆ ಸೆರೆ ಸೇರಿದ. ಈ ಕಥೆಗೆ ಬೇಕಾದ ಸಾಮಗ್ರಿಯಲ್ಲಿ ಗಮನಾರ್ಹ ಭಾಗ ಮಣ್ಣೆಯ ತಾಮ್ರಶಾಸನಗಳಲ್ಲೇ ಇದೆ. ಕಂಬ, ಗೋವಿಂದ ಎಂಬ ಅಣ್ಣತಮ್ಮಂದಿರ ಸಿಂಹಾಸನದ ಜಗಳ, ಸೆರೆಯಲ್ಲಿರುವ ಕವಿ: ಮೇಲೆ ಹೇಳಿದ ಯಾವ ಚಿತ್ರದ ವಸ್ತುವಿಗೂ ಇದು ಕಡಿಮೆಯಲ್ಲ. ಆದರೂ ಕನ್ನಡದ ಪ್ರಸಿದ್ಧ ಐತಿಹಾಸಿಕ ಚಿತ್ರಗಳ ಸಾಲಿನಲ್ಲಿ ಶಿವಮಾರ ಇಲ್ಲ, ಶ್ರೀಪುರುಷನೂ ಇಲ್ಲ. ಹಳೆಯ ಅರಸರಿಗೆ ನಾಟಕೀಯ ಬದುಕು ಇಲ್ಲದ್ದರಿಂದ ಅವರು ತೆರೆಗೆ ಬರಲಿಲ್ಲ ಎಂಬ ವಾದಕ್ಕೆ ಮಣ್ಣೆಯಲ್ಲಿ ಆಧಾರವಿಲ್ಲ.

ಅದೇ ತಾಲ್ಲೂಕಿನ ಶಿವಗಂಗೆ ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆ. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳೆಂದು ಶ್ರವಣಬೆಳಗೊಳದ ಶಾಸನ ತಿಳಿಸುತ್ತದೆ. ಹೇಗೆ, ಏಕೆ ಎಂಬ ಪ್ರಶ್ನೆಗೆ ಸ್ಥಳೀಯ ಐತಿಹ್ಯ ಬೆಟ್ಟದ ತುದಿಯನ್ನು ತೋರಿಸುತ್ತದೆ. ಕೆ.ವಿ. ಅಯ್ಯರ್ ಅವರ ‘ಶಾಂತಲಾ’, ಸಿ.ಕೆ. ನಾಗರಾಜರಾಯರ ‘ಪಟ್ಟಮಹಾದೇವಿ ಶಾಂತಲದೇವಿ’ ಕಾದಂಬರಿಗಳು ಆಕೆಗೆ ಒಂದು ಮನಸ್ಸನ್ನು ಕೊಟ್ಟವು. ಶಾಂತಲೆಯ ಬಗ್ಗೆ ಶಾಸನ ಓದದವರಿಗೂ ಅಭಿಪ್ರಾಯವಿದೆ. ಶಿವಮಾರನ ಬಗ್ಗೆ ಶಾಸನ ಓದಿದವರಿಗೆ ಮಾತ್ರ. ನಡುವಣ ಕೃತಿ ಮಾಡುವ ಕೆಲಸ ಇದು.

ಆವತಿ ನಾಡಪ್ರಭುಗಳ ಸಂಗತಿ ಇನ್ನಷ್ಟು ಸೂಕ್ಷ್ಮವಾದದ್ದು. ಕಂಚಿಯ ಕಡೆಯಿಂದ ರಣಭೈರೇಗೌಡನ ನೇತೃತ್ವದಲ್ಲಿ ತಪ್ಪಿಸಿಕೊಂಡು ಬಂದವರು ಈಗಿನ ದೇವನಹಳ್ಳಿ ತಾಲ್ಲೂಕಿನ ಆವತಿಯಲ್ಲಿ ನೆಲೆಸಿದರು. ಮಗಳು ದೊಡ್ಡಮ್ಮನನ್ನು ಬಲವಂತದ ಮದುವೆಯಿಂದ ಉಳಿಸಲು ಅವರು ಹೊರಟರು, ತುಂಬಿ ಹರಿಯುತ್ತಿದ್ದ ಪಾಲಾರ್ ನದಿಗೆ ಆಕೆ ಓಲೆ ಅರ್ಪಿಸಿದಾಗ ನೀರು ದಾರಿಬಿಟ್ಟಿತು ಎಂಬುದು ಐತಿಹ್ಯ. ಇವರ ಕವಲುಗಳಿಂದಲೇ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳ ಪಾಳೆಯಪಟ್ಟುಗಳು ಬೆಳೆದವು. ಯಲಹಂಕದ ನಾಡಪ್ರಭುಗಳೂ ಇದೇ ಮೂಲದವರು. ಮಲ್ಲಭೈರೇಗೌಡ 1501ರಲ್ಲಿ ದೇವನಹಳ್ಳಿಯ ಮಣ್ಣಿನ ಕೋಟೆ ಕಟ್ಟಿಸಿದ. ಹೊಸಕೋಟೆಯ ಕೋಟೆ ಮತ್ತು ದೊಡ್ಡ ಕೆರೆ ತಮ್ಮೇಗೌಡನ ಕಾಲದವು. ಹಿರಿಯ ಕೆಂಪೇಗೌಡ 1537ರಲ್ಲಿ ಬೆಂಗಳೂರು ಕಟ್ಟಿದ. ಅಪ್ಪಣೆಯಿಲ್ಲದೆ ನಾಣ್ಯ ಟಂಕಿಸಿದ್ದಕ್ಕೆ ಆನೆಗೊಂದಿಯಲ್ಲಿ ಸೆರೆಯಲ್ಲಿದ್ದನೆಂದೂ, ಕೋಟೆ ಬಾಗಿಲು ನಿಲ್ಲಲು ಸೊಸೆ ಲಕ್ಷ್ಮಮ್ಮ ಬಲಿಯಾದಳೆಂದೂ ಹೇಳುತ್ತಾರೆ. ಇಲ್ಲಿ ಕಥೆಗೆ ಕೊರತೆಯಿಲ್ಲವಲ್ಲ, ಹಾಗಿದ್ದರೆ ನಡುವಣ ಕೃತಿಯ ವಾದ ಬಿದ್ದುಹೋಗುವುದಿಲ್ಲವೇ ಎಂದು ಕೇಳಬಹುದು. ಆದರೆ ಐತಿಹ್ಯ ಬೇರೆ, ನಡುವಣ ಕೃತಿ ಬೇರೆ. ಐತಿಹ್ಯ ಒಂದು ಮನೆತನದ, ಒಂದು ಊರಿನ ನೆನಪು. ಅದನ್ನು ಧಾರವಾಡದವರೂ ಮಂಗಳೂರಿನವರೂ ತಮ್ಮದೆಂದು ಓದುವಂತೆ ವಿಸ್ತರಿಸಿದ ಬರಹ ಸಂಸರ ನಾಟಕಗಳ ಅಥವಾ ತ.ರಾ.ಸು. ಅವರ ದುರ್ಗದ ಕಾದಂಬರಿಗಳ ಮಟ್ಟದಲ್ಲಿ ಆವತಿಗೆ ದೊರೆಯಲಿಲ್ಲ. ಈ ತಾಲ್ಲೂಕುಗಳ ಹಳ್ಳಿ ರಂಗಭೂಮಿ ಬಹಳ ಗಟ್ಟಿಯಾದದ್ದು. ಹಾರ್ಮೋನಿಯಂ ಮೇಷ್ಟ್ರ ಬಳಿ ತಿಂಗಳುಗಟ್ಟಲೆ ತಾಲೀಮು ಮಾಡಿ, ಸೀನರಿ ಬಾಡಿಗೆಗೆ ತಂದು, ಊರಿನ ರೈತರೇ ಪಾತ್ರ ಕಟ್ಟುತ್ತಾರೆ. ಆದರೆ ಅವರು ಆಡುವುದು ಹೆಚ್ಚಾಗಿ ‘ಕುರುಕ್ಷೇತ್ರ’ದಂಥ ಪೌರಾಣಿಕ ನಾಟಕವನ್ನು. ದುರ್ಯೋಧನನಿಗೆ ಸಿಕ್ಕಷ್ಟು ರಂಗ ರಣಭೈರೇಗೌಡನಿಗೆ ಅವನ ಸ್ವಂತ ನೆಲದಲ್ಲೇ ಸಿಕ್ಕಿಲ್ಲ.

ಹಣದ ಕೊರತೆಯೇ ನಿಜವಾದ ಕಾರಣ ಎಂಬುದು ಇನ್ನೊಂದು ಆಕ್ಷೇಪ. ಇಂದಿನ ಮಟ್ಟಿಗೆ ಅದರಲ್ಲಿ ಹುರುಳಿದೆ: ಸೈನ್ಯ, ಕುದುರೆ, ಗ್ರಾಫಿಕ್ಸ್ ಎಲ್ಲಕ್ಕೂ ದೊಡ್ಡ ಬಂಡವಾಳ ಬೇಕು. ಆದರೆ ಹಣವಿಲ್ಲದ ಕಾಲದಲ್ಲೇ ಈ ಪ್ರಕಾರ ಬೆಳೆಯಿತು. ‘ರಣಧೀರ ಕಂಠೀರವ’, ‘ಇಮ್ಮಡಿ ಪುಲಿಕೇಶಿ’ ಕಪ್ಪುಬಿಳುಪು ಚಿತ್ರಗಳು, ಮಾತು ಮತ್ತು ಅಭಿನಯದ ಬಲದಿಂದಲೇ ನಿಂತಂಥವು. ಬಂಡವಾಳ ಚಿತ್ರದ ಗಾತ್ರವನ್ನು ನಿರ್ಧರಿಸುತ್ತದೆ. ಯಾವ ಅರಸ ಎಂಬುದನ್ನಲ್ಲ.

ಉಪಯೋಗ ಮತ್ತು ವಿವಾದ

ಚಿತ್ರಗಳು ಚರಿತ್ರೆಯನ್ನು ತಿರುಚುತ್ತವೆ ಎಂಬ ದೂರು ಹಳೆಯದು. ಅದಕ್ಕೆ ಉತ್ತರಿಸುವ ಮುನ್ನ ಮೂಲಗಳೂ ನಿರ್ಲಿಪ್ತವಲ್ಲ ಎಂಬುದನ್ನು ನೆನೆಯಬೇಕು. 634ರ ಸುಮಾರಿನ ಐಹೊಳೆ ಶಾಸನ ಬರೆದ ರವಿಕೀರ್ತಿ ಇಮ್ಮಡಿ ಪುಲಿಕೇಶಿಯ ಆಶ್ರಿತ ಕವಿ. ಚಿಕ್ಕಪ್ಪ ಮಂಗಳೇಶನೊಡನೆ ನಡೆದ ಸಂಘರ್ಷ, ಹರ್ಷನ ಸೋಲು ಅಲ್ಲಿವೆ. 642ರಲ್ಲಿ ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಹಿಡಿದದ್ದನ್ನು ತಿಳಿಯಲು ಪಲ್ಲವರ ಕಡೆಯ ದಾಖಲೆಗಳಿಗೆ ಹೋಗಬೇಕು. ಹೀಗಿರುವಾಗ ಚಿತ್ರವೊಂದು ಮೂಲದಿಂದ ದೂರ ಸರಿಯಿತು ಎಂದಷ್ಟೇ ಹೇಳಿದರೆ ಸಾಲದು. ದಾಖಲೆ ಸುಮ್ಮನಿರುವಲ್ಲಿ ಕಲ್ಪನೆ ತುಂಬುವುದನ್ನೂ ದಾಖಲೆ ಹೇಳಿದ್ದನ್ನು ಅಲ್ಲಗಳೆಯುವುದನ್ನೂ ಬೇರ್ಪಡಿಸಬೇಕು. ಕೃಷ್ಣದೇವರಾಯ ಮತ್ತು ತಿಮ್ಮರಸರ ಏಕಾಂತದ ಮಾತುಕತೆ ಮೊದಲನೆಯ ಬಗೆ. ಮಯೂರನ ಹುಟ್ಟನ್ನು ಬದಲಿಸಿದ್ದು ಎರಡನೆಯದು. ಮೊದಲನೆಯದು ಕಲೆಯ ಹಕ್ಕು. ಎರಡನೆಯದಕ್ಕೆ ಚಿತ್ರ ಕಾರಣ ಕೊಡಬೇಕಾಗುತ್ತದೆ, ಏಕೆಂದರೆ ಹೆಚ್ಚಿನ ಜನರಿಗೆ ಆ ಅರಸನ ಬಗ್ಗೆ ಸಿಗುವ ಏಕೈಕ ತಿಳಿವಳಿಕೆ ಅದೇ ಆಗಿರುತ್ತದೆ.

ಸ್ಥಳಗಳ ಬಳಕೆಯಲ್ಲೂ ಇಂಥ ಎಚ್ಚರ ಬೇಕು. ದೇವನಹಳ್ಳಿಯಲ್ಲಿ ಇಂದು ಕಾಣುವ, ಹನ್ನೆರಡು ಅರ್ಧವೃತ್ತಾಕಾರದ ಕೊತ್ತಲಗಳ ಕಲ್ಲಿನ ಕೋಟೆ ಹೈದರ್ ಮತ್ತು ಟಿಪ್ಪು ಕಾಲದ್ದು. ಮಲ್ಲಭೈರೇಗೌಡನ ಚಿತ್ರವನ್ನು ಅಲ್ಲಿ ತೆಗೆದರೆ 16ನೆಯ ಶತಮಾನದ ಕಥೆಗೆ 18ನೆಯ ಶತಮಾನದ ಗೋಡೆ ಬರುತ್ತದೆ. ಅದೇ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಮಧ್ಯಕಾಲದವನಲ್ಲವಾದರೂ ಅವನ ಕುರಿತ ದೂರದರ್ಶನದ ಹಿಂದಿ ಧಾರಾವಾಹಿಯ ಪ್ರಸಂಗವನ್ನು ಇಲ್ಲಿ ಹೇಳಬೇಕು. ಭಗವಾನ್ ಗಿಡ್ವಾನಿಯವರ ಕಾದಂಬರಿ ಆಧರಿಸಿ 1990ರಲ್ಲಿ ಪ್ರಸಾರವಾದ ಅದು ವಿವಾದಕ್ಕೆ ಸಿಕ್ಕಿ, ಇದು ಕಾಲ್ಪನಿಕ ಕಥೆ ಎಂಬ ಪ್ರಕಟಣೆಯೊಡನೆ ಮನೆಗಳನ್ನು ತಲುಪಿತು. ವಿವಾದ ಟಿಪ್ಪುವಿನ ದಾಖಲೆಗಳ ಕುರಿತಾದಷ್ಟೇ ಕಾದಂಬರಿಯ ಕುರಿತೂ ಆಗಿತ್ತು; ಅಲ್ಲೂ ಚಿತ್ರಣವನ್ನು ರೂಪಿಸಿದ್ದು ನಡುವಣ ಕೃತಿಯೇ.

ಇಂದಿನ ಸ್ಥಿತಿ

1980ರ ದಶಕದ ನಂತರ ಅರಸರ ಚಿತ್ರಗಳು ವಿರಳವಾದವು. ಶಿವರಾಜಕುಮಾರ್ ಅಭಿನಯದ ‘ಗಂಡುಗಲಿ ಕುಮಾರರಾಮ’ (2006) ಕಂಪಿಲಿಯ ರಾಜಕುಮಾರನನ್ನು ತೆರೆಗೆ ತಂದಿತು. ನಂಜುಂಡ ಕವಿಯ ಸಾಂಗತ್ಯದಿಂದ ಹಿಡಿದು ಜನಪದ ಹಾಡುಗಳವರೆಗೆ ಆ ಕಥೆಗೆ ಶತಮಾನಗಳ ಹಿನ್ನೆಲೆಯಿತ್ತು. ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ (2012) ಯಶಸ್ವಿಯಾಯಿತು, ಆದರೆ ಅದು ಬ್ರಿಟಿಷರ ಕಾಲದ ವಸ್ತು. ಹೊರಭಾಷೆಯ ಚಿತ್ರಗಳ ಡಬ್ಬಿಂಗ್ ತಡೆಯುವುದರ ವಿರುದ್ಧ ಸ್ಪರ್ಧಾ ಆಯೋಗ 2015ರಲ್ಲಿ ಆದೇಶ ನೀಡಿದ ಮೇಲೆ ನೆರೆಭಾಷೆಗಳ ಚಿತ್ರಗಳು ಕನ್ನಡದ ಮಾತಿನಲ್ಲೇ ಬರತೊಡಗಿದವು. ಕಲ್ಕಿಯವರ ಕಾದಂಬರಿ ಆಧರಿಸಿದ ತಮಿಳಿನ ‘ಪೊನ್ನಿಯಿನ್ ಸೆಲ್ವನ್’ (2022, 2023) ಹಾಗೆ ಬಂದದ್ದು. ಗಂಗರ ನೆಲದಲ್ಲಿ ಕುಳಿತ ಪ್ರೇಕ್ಷಕ ಗಂಗರಿಗಿಂತ ಮೊದಲು ಚೋಳರ ಮನೆಯ ಕಥೆಯನ್ನು ಕನ್ನಡದಲ್ಲಿ ಕೇಳಿದ.

ಕೆಂಪೇಗೌಡನ ಸಾರ್ವಜನಿಕ ಸ್ಮರಣೆ ಈ ಅವಧಿಯಲ್ಲಿ ಬಹಳ ಬೆಳೆದಿದ್ದರೂ ಬೇರೆ ಹಾದಿಯಲ್ಲಿ ಬೆಳೆದಿದೆ. ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ 2013ರಲ್ಲಿ ಅವನ ಹೆಸರು ಬಂತು. 108 ಅಡಿಯ ಪ್ರತಿಮೆ 2022ರ ನವೆಂಬರ್ 11ರಂದು ಅನಾವರಣಗೊಂಡಿತು. ಸರ್ಕಾರ ಪ್ರತಿ ವರ್ಷ ಜಯಂತಿ ಆಚರಿಸುತ್ತದೆ. 2011ರಲ್ಲಿ ‘ಕೆಂಪೇಗೌಡ’ ಎಂಬ ಹೆಸರಿನಲ್ಲೇ ತೆರೆಕಂಡ ಚಿತ್ರ ಪೊಲೀಸ್ ಅಧಿಕಾರಿಯ ಕಥೆ. ಆಧಾರಗಳ ಲಭ್ಯತೆಯೂ ಹಿಂದೆಂದಿಗಿಂತ ಉತ್ತಮವಾಗಿದೆ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 9ನೆಯ ಸಂಪುಟ (1905) ಈ ನಾಲ್ಕೂ ತಾಲ್ಲೂಕುಗಳ ಶಾಸನಗಳನ್ನು ಒಳಗೊಂಡಿದೆ. ಈಚೆಗೆ ಮಿಥಿಕ್ ಸೊಸೈಟಿ ಬೆಂಗಳೂರು ಸುತ್ತಲಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ, ಸವೆದ ಅಕ್ಷರಗಳನ್ನೂ ಓದುವಂತೆ ಮಾಡುತ್ತಿದೆ. ಈ ಓದಿನಿಂದ ಅರಸರಷ್ಟೇ ಅಲ್ಲ, ಊರಿಗಾಗಿ ಸತ್ತ ವೀರರು, ಕೆರೆ ಕಟ್ಟಿಸಿದವರು, ಭೂಮಿ ಬಿಟ್ಟುಕೊಟ್ಟವರು ಹೆಸರುಸಹಿತ ಸಿಗುತ್ತಾರೆ.

ಚಿತ್ರೋದ್ಯಮ ಸದ್ಯ ಹಿಡಿದಿರುವ ದಾರಿ ಮಾತ್ರ ದಾಖಲೆಯತ್ತ ಹೋಗುತ್ತಿಲ್ಲ. ಹಿಂದಿಯ ‘ಪದ್ಮಾವತ್’ (2018) ಹೆಸರನ್ನೇ ಬದಲಿಸಿಕೊಂಡು ಬಿಡುಗಡೆಯಾಗಬೇಕಾದ ಪ್ರಸಂಗ, ಅರಸರ ಹೆಸರಿನ ಹಿಂದೆ ಇಂದು ಎಷ್ಟು ಸಮುದಾಯಗಳ ಅಭಿಮಾನ ನಿಂತಿದೆ ಎಂಬುದನ್ನು ಎಲ್ಲ ಭಾಷೆಗಳ ನಿರ್ಮಾಪಕರಿಗೂ ತೋರಿಸಿತು. 2025ರ ಅಕ್ಟೋಬರ್‌ನಲ್ಲಿ ಬಂದ ರಿಷಬ್ ಶೆಟ್ಟಿಯವರ ‘ಕಾಂತಾರ: ಅಧ್ಯಾಯ 1’ ಕದಂಬರ ಕಾಲವನ್ನು ಹಿನ್ನೆಲೆಯಾಗಿ ಇಟ್ಟುಕೊಂಡು ಕಲ್ಪಿತ ಕಥೆಯನ್ನು ಹೇಳುತ್ತದೆ. ಯುಗ ಚರಿತ್ರೆಯದು, ಬದುಕು ಕಲ್ಪನೆಯದು ಎಂಬ ಈ ಏರ್ಪಾಡು ಬಂಡವಾಳಕ್ಕೂ ಕಲೆಗೂ ಸುರಕ್ಷಿತ. ಆದರೆ ಅದು ವ್ಯಾಪಕವಾದಷ್ಟೂ ಶಿವಮಾರನಂಥ, ಮಲ್ಲಭೈರೇಗೌಡನಂಥ ಹೆಸರುಳ್ಳ ಅರಸರು ತೆರೆಯಿಂದ ದೂರವೇ ಉಳಿಯುತ್ತಾರೆ. ಅವರ ಕಾಲದ ಉಡುಪು, ಆಯುಧ, ಗುಡಿಗಳಷ್ಟೇ ಅಲ್ಲಿ ಕಾಣಿಸಿಕೊಳ್ಳುತ್ತವೆ.